ಆರಡಿ ತೊಟ್ಟಿಯ ಲೆಕ್ಕ

ಐಮಂಗಲದ ಮನೆಯಲ್ಲಿ ಆಸ್ಕರ್ ಮೀನು ಸಾಕುವ ಆಸೆಯೇ? ಮೊದಲು ಲೆಕ್ಕ ಹಾಕಿ. ಇದೂ ಸಂತೆಯ ಜಿಲೇಬಿ ಮೀನಿನ ಸಿಕ್ಲಿಡ್ ಬಳಗದ್ದೇ. ಎರಡಂಗುಲದ ಮರಿ ಒಂದೆರಡು ವರ್ಷದಲ್ಲಿ ಒಂದಡಿಯಾಗುತ್ತದೆ. ಜೋಡಿಗೆ 6 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ ತೊಟ್ಟಿಯಿದ್ದರೆ ಚೆನ್ನ. ತುಂಬಿದರೆ ಸುಮಾರು 680 ಲೀಟರ್. ನೀರಿನ ತೂಕವೇ 680 ಕಿಲೋ, ಗಾಜು, ಮರಳು ಬೇರೆ. ಓದುವ ಮೇಜು ತಡೆಯದು, ಕಬ್ಬಿಣದ ಸ್ಟ್ಯಾಂಡೇ ಬೇಕು. ಮೀನಿನ ಹೊಲಸಿನಿಂದ ಹುಟ್ಟುವ ಅಮೋನಿಯಾ ವಿಷ. ಅದನ್ನು ಅರಗಿಸುವ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಿ ನೆಲೆಸಲು ನಾಲ್ಕಾರು ವಾರ ಹಿಡಿಯುತ್ತದೆ. ಆಮೇಲೂ ವಾರಕ್ಕೆ ಕಾಲುಭಾಗ ನೀರು ಬದಲಿಸಬೇಕು: 170 ಲೀಟರ್, ಹನ್ನೊಂದು-ಹನ್ನೆರಡು ಕೊಡ! ನಮ್ಮ ಬಯಲುಸೀಮೆಯಲ್ಲಿ ಕಷ್ಟವಿರುವುದು ಇಲ್ಲೇ. ತೆಗೆದ ನೀರು ಹಿತ್ತಲ ಗಿಡಗಳಿಗೆ ಗೊಬ್ಬರ, ನಿಜ. ಬೇಸಿಗೆಯಲ್ಲಿ ಆ ಕೊಡಗಳನ್ನು ಹೊರುವವರು ಯಾರೆಂದು ಅಪ್ಪ-ಮಕ್ಕಳು ಮರಿ ತರುವ ಮುನ್ನವೇ ಮಾತಾಡಿಕೊಳ್ಳಲಿ.