ಪಾಸ್‌ಪೋರ್ಟ್ ಮಾಡಿಸಿದರೆ ಭವಿಷ್ಯ ಸಿದ್ಧವಾಯಿತೇ?

ಪದವಿ ಕಾಲೇಜಿನ ಅಂತಿಮ ವರ್ಷದಲ್ಲಿರುವ ನಮ್ಮ ಹುಡುಗನೊಬ್ಬನನ್ನು ಅಸರ್ ನಮಾಝಿನ ಬಳಿಕ ಮಸೀದಿಯ ಅಂಗಳದಲ್ಲಿ ನಿಲ್ಲಿಸಿ, 'ಪರೀಕ್ಷೆ ಮುಗಿದ ಮೇಲೆ ಏನು ಮಾಡುವೆ?' ಎಂದು ಕೇಳಿ ನೋಡಿ. 'ಪಾಸ್‌ಪೋರ್ಟ್ ಮಾಡಿಸಿ ಆಗಿದೆ, ಮಾವ ವಿಸಾ ನೋಡುತ್ತೇನೆಂದು ಹೇಳಿದ್ದಾರೆ' ಎನ್ನುತ್ತಾನೆ. ಅವನ ತಂದೆಯನ್ನು ಕೇಳಿದರೆ, 'ಮೊದಲು ಡಿಗ್ರಿ ಮುಗಿಯಲಿ, ಆಮೇಲೆ ಅಲ್ಲಾಹನು ಒಂದು ದಾರಿ ತೋರಿಸುತ್ತಾನೆ' ಎಂಬ ಉತ್ತರ ಸಿಗುತ್ತದೆ. ಕೇಳಲು ಬಹಳ ಧಾರ್ಮಿಕವಾದ ಮಾತು. ಆದರೆ ಅದೇ ತಂದೆ ಮಗಳ ಮದುವೆಗೆಂದು ಅವಳು ಪ್ರಾಥಮಿಕ ಶಾಲೆಯಲ್ಲಿದ್ದಾಗಲೇ ಚಿನ್ನ ಕೂಡಿಡಲು ಆರಂಭಿಸಿದ್ದಾರೆ. ಮದುವೆಯ ಹಾಲ್ ತಿಂಗಳುಗಳ ಮುಂಚೆಯೇ ಕಾದಿರಿಸಲ್ಪಟ್ಟಿದೆ. ಮನೆ ಕಟ್ಟುವಾಗ ಮೇಲಿನ ಅಂತಸ್ತಿಗೆಂದು ಕಂಬಿಗಳನ್ನು ಹೊರಗೆ ಬಿಟ್ಟಿದ್ದಾರೆ. ಅಲ್ಲೆಲ್ಲ ಮುಂದಾಲೋಚನೆ, ಮಗನ ಜೀವನದ ಮೂರು ಅಮೂಲ್ಯ ವರ್ಷಗಳ ವಿಷಯ ಬಂದಾಗ ಮಾತ್ರ ತವಕ್ಕುಲ್!

ಇದು ತವಕ್ಕುಲ್ ಅಲ್ಲ, ಆಲಸ್ಯ. ಒಂಟೆಯನ್ನು ಕಟ್ಟದೆ ಬಿಟ್ಟು ಅಲ್ಲಾಹನ ಮೇಲೆ ಭರವಸೆ ಇಡಲೇ ಎಂದು ಕೇಳಿದವನಿಗೆ, ಮೊದಲು ಕಟ್ಟು, ಬಳಿಕ ಭರವಸೆಯಿಡು ಎಂದು ಪ್ರವಾದಿಯವರು(ಸ) ಕಲಿಸಿದ್ದನ್ನು ನಮ್ಮ ಮದ್ರಸದ ಪುಟ್ಟ ಮಕ್ಕಳೂ ಬಲ್ಲರು. ಪ್ರವಾದಿ ಯೂಸುಫರ(ಅ) ವೃತ್ತಾಂತವನ್ನು ನಾವು ರಮಝಾನಿನಲ್ಲಿ ಕಣ್ಣೀರಿಟ್ಟು ಆಲಿಸುತ್ತೇವೆ. ಆದರೆ ಏಳು ವರ್ಷಗಳ ಸಮೃದ್ಧಿಯಲ್ಲಿ ಮುಂದಿನ ಏಳು ವರ್ಷಗಳ ಬರಗಾಲಕ್ಕೆ ಧಾನ್ಯವನ್ನು ತೆನೆಯಲ್ಲೇ ಉಳಿಸಿಡುವ ಯೋಜನೆ ಹಾಕಿಕೊಟ್ಟವರು ಅವರೇ ಎಂಬುದನ್ನು ಮರೆಯುತ್ತೇವೆ. ಅಷ್ಟೇ ಅಲ್ಲ, ರಾಜನ ಮುಂದೆ ತನಗೆ ಯಾವ ಹೊಣೆ ಒಪ್ಪುತ್ತದೆ, ಅದಕ್ಕೆ ಬೇಕಾದ ಯಾವ ಗುಣ ತನ್ನಲ್ಲಿದೆ ಎಂಬುದನ್ನು ಅವರು ಸ್ಪಷ್ಟವಾಗಿ ಹೇಳಿ ಭಂಡಾರಗಳ ಉಸ್ತುವಾರಿಯನ್ನು ಕೇಳಿ ಪಡೆದರು. ತನ್ನ ಸಾಮರ್ಥ್ಯವನ್ನು ಎರಡು ವಾಕ್ಯಗಳಲ್ಲಿ ಹೇಳಬಲ್ಲ ಎಷ್ಟು ಮಂದಿ ಪದವೀಧರರು ನಮ್ಮ ಮೊಹಲ್ಲಾಗಳಲ್ಲಿದ್ದಾರೆ?

2006ರಲ್ಲಿ ಸಾಚಾರ್ ಸಮಿತಿಯ ವರದಿ ಬಂದಾಗ ನಾವು ಅದನ್ನು ವೇದಿಕೆಯಿಂದ ವೇದಿಕೆಗೆ ಹೊತ್ತು ತಿರುಗಿದೆವು. ದೇಶದ ಅಗ್ರಗಣ್ಯ ಕಾಲೇಜುಗಳಲ್ಲಿ ಪದವಿ ತರಗತಿಯ 25 ವಿದ್ಯಾರ್ಥಿಗಳಲ್ಲಿ ಒಬ್ಬ, ಸ್ನಾತಕೋತ್ತರ ತರಗತಿಯ 50 ಮಂದಿಯಲ್ಲಿ ಒಬ್ಬ ಮಾತ್ರ ಮುಸ್ಲಿಮ್ ಎಂದು ಅದು ಹೇಳಿತ್ತು. ಐಎಎಸ್‌ನಲ್ಲಿ ನಮ್ಮ ಪಾಲು ಶೇ. 3ರಷ್ಟಿತ್ತು. 2011ರ ಜನಗಣತಿಯಲ್ಲಿ ನಾವು ದೇಶದ ಶೇ. 14.2. ಆದರೆ 2021-22ರ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ ಉನ್ನತ ಶಿಕ್ಷಣದಲ್ಲಿದ್ದ 4 ಕೋಟಿ 33 ಲಕ್ಷ ವಿದ್ಯಾರ್ಥಿಗಳಲ್ಲಿ ಮುಸ್ಲಿಮರು ಸುಮಾರು 21 ಲಕ್ಷ, ಅಂದರೆ ಶೇ. 5ಕ್ಕೂ ಕಡಿಮೆ. ಕಾಲೇಜಿನ ಬಾಗಿಲು ದಾಟುವವರೇ ಇಷ್ಟು ಕಡಿಮೆ ಇರುವಾಗ, ದಾಟಿದವರೂ ಗುರಿಯಿಲ್ಲದೆ ಹೊರಬರುವುದನ್ನು ಸಮುದಾಯ ಹೇಗೆ ಸಹಿಸಿಕೊಂಡಿದೆ?

ಇಲ್ಲೊಂದು ಸಿದ್ಧ ಉತ್ತರವಿದೆ: 'ಓದಿ ಏನು ಪ್ರಯೋಜನ? ನಮ್ಮ ಹೆಸರು ನೋಡಿದರೆ ಕೆಲಸ ಕೊಡುವವರಾರು?' ತಾರತಮ್ಯ ಇಲ್ಲವೆಂದು ನಾವು ಹೇಳುವುದಿಲ್ಲ. ಅದರ ವಿರುದ್ಧ ಈ ಪುಟಗಳಲ್ಲೇ ಬರೆದಿದ್ದೇವೆ, ಇನ್ನೂ ಬರೆಯುತ್ತೇವೆ. ಆದರೆ ಅರ್ಜಿಯನ್ನೇ ಹಾಕದವನಿಗೆ ತಾರತಮ್ಯದ ದೂರು ಹೇಳುವ ಹಕ್ಕು ಎಲ್ಲಿಂದ ಬರುತ್ತದೆ? 2023ರ ಮಾರ್ಚ್‌ನಲ್ಲಿ ಅಂದಿನ ರಾಜ್ಯ ಸರಕಾರ 2ಬಿ ಅಡಿಯ ಶೇ. 4 ಮೀಸಲಾತಿಯನ್ನು ಕಿತ್ತುಕೊಳ್ಳಲು ಹೊರಟಾಗ ನಾವು ಬೀದಿಗಿಳಿದೆವು. ವಿಷಯ ಸುಪ್ರೀಮ್ ಕೋರ್ಟಿಗೆ ಹೋಯಿತು, ಆ ಆದೇಶ ಜಾರಿಗೆ ಬರಲಿಲ್ಲ. ಹೋರಾಟ ಸರಿಯಾಗಿಯೇ ಇತ್ತು. ಆದರೆ ಅಂದು ಘೋಷಣೆ ಕೂಗಿದ ಯುವಕರಲ್ಲಿ 2ಬಿ ಪ್ರಮಾಣಪತ್ರವನ್ನು ಮಾಡಿಸಿಟ್ಟುಕೊಂಡವರೆಷ್ಟು? ಅದು ರಾಜ್ಯದ ಹುದ್ದೆಗಳಿಗೆ ಮಾತ್ರ ಸಲ್ಲುತ್ತದೆ, ಕೇಂದ್ರದ ಹುದ್ದೆಗಳಿಗೆ ಕೇಂದ್ರದ ಒಬಿಸಿ ಪಟ್ಟಿ ಬೇರೆ, ಪ್ರಮಾಣಪತ್ರದ ನಮೂನೆಯೂ ಬೇರೆ ಎಂದು ತಿಳಿದವರೆಷ್ಟು? ಬೀದಿಯಲ್ಲಿ ಉಳಿಸಿಕೊಂಡದ್ದನ್ನು ತಾಲೂಕು ಕಚೇರಿಯ ಕಿಟಕಿಯ ಮುಂದೆ ಕಳೆದುಕೊಳ್ಳುತ್ತಿದ್ದೇವೆ.

ಇನ್ನು ಗಲ್ಫ್. ಮರುಭೂಮಿಯ ಬಿಸಿಲಿನಲ್ಲಿ ಬೆವರು ಸುರಿಸಿ ಊರಿನ ಮಸೀದಿ, ಮದ್ರಸ, ಶಾಲೆಗಳನ್ನು ಕಟ್ಟಿಸಿದ ಹಿರಿಯರ ಋಣವನ್ನು ನಾವು ಮರೆಯುವುದಿಲ್ಲ. ಆದರೆ ಅವರು ಹೋದ ಗಲ್ಫ್ ಇಂದಿನದ್ದಲ್ಲ. ಸೌದಿ ಅರೇಬಿಯ 2011ರಲ್ಲಿ ನಿತಾಖತ್ ತಂದು ಸ್ವದೇಶಿಯರಿಗೆ ಉದ್ಯೋಗ ಕಡ್ಡಾಯಗೊಳಿಸಿತು. 2017ರ ಜುಲೈಯಿಂದ ಜೊತೆಗಿರುವ ಪ್ರತಿಯೊಬ್ಬ ಅವಲಂಬಿತನ ಮೇಲೆ ತಿಂಗಳಿಗೆ 100 ರಿಯಾಲ್ ಶುಲ್ಕ ವಿಧಿಸಿ, ವರ್ಷ ವರ್ಷವೂ ಅದನ್ನು ಏರಿಸಿತು. ಹೆಂಡತಿ ಮಕ್ಕಳನ್ನು ಊರಿಗೆ ಕಳುಹಿಸಿದವರು ಎಷ್ಟೋ ಮಂದಿ. 2020ರ ಕೋವಿಡ್ ಕಾಲದಲ್ಲಿ ಕೆಲಸ ಕಳೆದುಕೊಂಡು ವಿಮಾನವಿಳಿದವರನ್ನೂ ನಾವು ಕಂಡಿದ್ದೇವೆ. ಅಲ್ಲಿಗೆ ಹೋಗಬಾರದೆಂದಲ್ಲ. ಲೆಕ್ಕಪರಿಶೋಧಕನಾಗಿ, ನರ್ಸ್ ಆಗಿ, ಇಂಜಿನಿಯರ್ ಆಗಿ ಹೋಗುವುದು ಬೇರೆ. ಮೂರು ವರ್ಷ ಬಿ.ಕಾಂ. ಓದಿ, ಅಂಗಡಿಯಲ್ಲಿ ರಟ್ಟಿನ ಪೆಟ್ಟಿಗೆ ಎತ್ತಲು ಹೋಗುವುದು ಬೇರೆ. ಆ ಕೆಲಸವೂ ಹಲಾಲ್, ಗೌರವದ್ದೇ. ಆದರೆ ಅದಕ್ಕೆ ಬಿ.ಕಾಂ. ಓದಬೇಕಾಗಿರಲಿಲ್ಲ.

ನಮ್ಮ ಪಟ್ಟಣಗಳ ಕುಟುಂಬಗಳಿಗೆ ಗೊತ್ತಿರುವ ವಿದ್ಯೆಗಳು ಎರಡೇ: ಡಾಕ್ಟರ್ ಮತ್ತು ಇಂಜಿನಿಯರ್. ಆ ಎರಡಕ್ಕೆ ಅಂಕ ಸಾಲದವನನ್ನು 'ಏನಾದರೊಂದು ಡಿಗ್ರಿ'ಗೆ ಸೇರಿಸಿ ಮರೆತುಬಿಡುತ್ತಾರೆ. ನಮ್ಮ ಮಾತು ಹೆಚ್ಚಾಗಿ ಈ ಮರೆತುಹೋದ ಮಕ್ಕಳ ಕುರಿತು. ಬಿ.ಕಾಂ. ಪದವಿಯಲ್ಲಿ ಶೇ. 55 ಅಂಕ ಬಂದರೆ ಸಿಎ ಫೌಂಡೇಶನ್ ಪರೀಕ್ಷೆಯಿಲ್ಲದೆ ನೇರವಾಗಿ ಇಂಟರ್‌ಮೀಡಿಯೇಟ್‌ಗೆ ಹೆಸರು ನೋಂದಾಯಿಸಬಹುದು. ವಾಣಿಜ್ಯೇತರ ಪದವೀಧರನಿಗೆ ಶೇ. 60 ಬೇಕು. ಮೊದಲ ವರ್ಷದಲ್ಲೇ ಇದು ಗೊತ್ತಿದ್ದವನು ಆ ಅಂಕಕ್ಕಾಗಿ ಓದುತ್ತಾನೆ. ಅಂತಿಮ ವರ್ಷದಲ್ಲಿ ತಿಳಿದವನು ಶೇ. 52 ಹಿಡಿದುಕೊಂಡು ಕೊರಗುತ್ತಾನೆ. ನಿಗದಿತ ಕನಿಷ್ಠ ಅಂಕಗಳಿದ್ದರೆ ಯಾವುದೇ ವಿಷಯದ ಪದವೀಧರ ಮೂರು ವರ್ಷಗಳ ಎಲ್‌ಎಲ್‌.ಬಿ. ಮಾಡಬಹುದು. ನಮ್ಮ ಹುಡುಗರ ಮೇಲೆ ಮೊಕದ್ದಮೆ ಬಿದ್ದಾಗ ವಕೀಲರಿಗಾಗಿ ಊರೂರು ಅಲೆಯುವ ನಾವು, ಬಿ.ಎ. ತರಗತಿಯಲ್ಲಿ ಕುಳಿತ ಎಷ್ಟು ಮಂದಿಗೆ ಈ ದಾರಿ ತೋರಿಸಿದ್ದೇವೆ? ಐಎಎಸ್ ಪರೀಕ್ಷೆಗೆ ಯಾವ ಪದವಿಯಾದರೂ ಸಾಕು. ವಯಸ್ಸು 21ರಿಂದ ಸಾಮಾನ್ಯ ವರ್ಗಕ್ಕೆ 32, ಒಬಿಸಿಗೆ 35. ಬರೆಯುವ ಅವಕಾಶ ಆರು, ಒಬಿಸಿಗೆ ಒಂಬತ್ತು. ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು, ಕನ್ನಡ ಸಾಹಿತ್ಯವನ್ನು ಐಚ್ಛಿಕ ವಿಷಯವಾಗಿ ಆರಿಸಬಹುದು. 24ನೇ ವಯಸ್ಸಿನಲ್ಲಿ 'ಪ್ರಯತ್ನಿಸಿ ನೋಡೋಣ' ಎಂದು ಹೊರಡುವವನಿಗೂ 19ರಲ್ಲೇ ದಿನಪತ್ರಿಕೆ ಓದಿ ಟಿಪ್ಪಣಿ ಮಾಡಲು ಆರಂಭಿಸಿದವನಿಗೂ ಇರುವ ಅಂತರವನ್ನು ಯಾವ ಕೋಚಿಂಗ್ ಕೇಂದ್ರವೂ ತುಂಬಿಕೊಡದು.

ಕನ್ನಡದ ಮಾತು ಬಂದುದರಿಂದ ಇನ್ನೊಂದು ಕಹಿ ಸತ್ಯ. ರಾಜ್ಯ ಸರಕಾರದ ಹುದ್ದೆಗಳಿಗೆ ಕಡ್ಡಾಯ ಕನ್ನಡ ಪತ್ರಿಕೆಯಲ್ಲಿ ತೇರ್ಗಡೆಯಾಗಬೇಕು. ಮನೆಯಲ್ಲಿ ಉರ್ದು, ಬ್ಯಾರಿ, ನವಾಯತಿ; ಶಾಲೆಯಲ್ಲಿ ಅರೆಬರೆ ಇಂಗ್ಲಿಷ್. ಆಡುವಾಗ ಸಲೀಸಾಗಿ ಬರುವ ಕನ್ನಡ, ಬರೆಯುವಾಗ ಕೈಕೊಡುತ್ತದೆ. ಪ್ರವಾದಿಯವರು(ಸ) ಯುವಕ ಝೈದ್ ಬಿನ್ ಸಾಬಿತ್‌ರ(ರ) ಸಾಮರ್ಥ್ಯವನ್ನು ಗುರುತಿಸಿ ಯಹೂದಿಯರ ಭಾಷೆಯನ್ನು ಕಲಿಯಲು ಹೇಳಿದರು, ಅವರು ಕೆಲವೇ ದಿನಗಳಲ್ಲಿ ಕಲಿತರು. ನಾವಾದರೋ ಹುಟ್ಟಿ ಬೆಳೆದ ನಾಡಿನ ಭಾಷೆಯಲ್ಲಿ ಒಂದು ಅರ್ಜಿ ಬರೆಯಲು ಪಕ್ಕದ ಮನೆಯವರನ್ನು ಕರೆಯುತ್ತೇವೆ.

ಹೆಣ್ಣುಮಕ್ಕಳ ವಿಷಯದಲ್ಲಿ ನಮ್ಮ ಅಪರಾಧ ಇನ್ನೂ ದೊಡ್ಡದು. ಮೇಲೆ ಹೇಳಿದ 21 ಲಕ್ಷದಲ್ಲಿ ಸುಮಾರು ಅರ್ಧದಷ್ಟು ವಿದ್ಯಾರ್ಥಿನಿಯರು. 2022ರಲ್ಲಿ ಹಿಜಾಬಿನ ನೆಪದಲ್ಲಿ ತರಗತಿಯ ಬಾಗಿಲು ಮುಚ್ಚಿದಾಗ ಕಲಿಕೆ ಹಾಗೂ ಹಿಜಾಬ್ ಎರಡೂ ನಮಗೆ ಬೇಕೆಂದು ಹೇಳಿದವರು ಆ ಹೆಣ್ಣುಮಕ್ಕಳೇ. ಅಂಥವಳು ಪದವಿಯ ಎರಡನೇ ವರ್ಷದಲ್ಲಿರುವಾಗ ಸಂಬಂಧ ಕುದುರಿಸಿ, 'ಮದುವೆಯ ಬಳಿಕ ಬೇಕಾದರೆ ಓದಲಿ' ಎಂದು ಷರತ್ತಿನಂತೆ ಹೇಳಿ ಮರೆಯುವವರು ನಾವು. ಬಿ.ಎಡ್. ಮಾಡಿ ಶಿಕ್ಷಕಿಯಾಗಬೇಕೆಂಬ ಅವಳ ಯೋಜನೆಯನ್ನು ಸರಕಾರ ಅಳಿಸಲಿಲ್ಲ, ಮನೆಯ ಹಿರಿಯರೇ ಅಳಿಸಿದರು.

ಹಣವಿಲ್ಲ ಎನ್ನುವವರ ಕಷ್ಟ ನಿಜ. ಸಂಶೋಧನಾ ವಿದ್ಯಾರ್ಥಿಗಳಿಗಿದ್ದ ಮೌಲಾನಾ ಆಝಾದ್ ಫೆಲೋಶಿಪ್ಪನ್ನು ಕೇಂದ್ರ ಸರಕಾರ 2022ರಲ್ಲಿ ನಿಲ್ಲಿಸಿತು. ಹಾಗೆ ಬಾಗಿಲುಗಳು ಮುಚ್ಚುತ್ತಿರುವಾಗ, ತೆರೆದಿರುವವು ಯಾವುವೆಂದು ಮೊದಲೇ ತಿಳಿದಿರಬೇಡವೇ? ವೃತ್ತಿಪರ ಕೋರ್ಸುಗಳಿಗೆ ರಾಜ್ಯದ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಅರಿವು ಸಾಲವಿದೆ. ದಿಲ್ಲಿಯ ಜಾಮಿಯಾ ಮಿಲ್ಲಿಯಾದಲ್ಲಿ ಅಲ್ಪಸಂಖ್ಯಾತರು, ಪರಿಶಿಷ್ಟರು ಮತ್ತು ಮಹಿಳೆಯರಿಗಾಗಿ ವಸತಿ ಸಹಿತ ತರಬೇತಿ ಕೇಂದ್ರವಿದೆ. 2021ರ ನಾಗರಿಕ ಸೇವಾ ಪರೀಕ್ಷೆಯಲ್ಲಿ ದೇಶಕ್ಕೆ ಪ್ರಥಮ ಬಂದ ಶ್ರುತಿ ಶರ್ಮಾ ಅಲ್ಲಿ ತರಬೇತಿ ಪಡೆದವರು. ನಮಗಾಗಿ ಕಟ್ಟಿದ ಮನೆಯ ವಿಳಾಸ ಇತರರಿಗೆ ತಿಳಿದಿದೆ, ನಮ್ಮ ಮಕ್ಕಳಿಗೆ ತಿಳಿದಿಲ್ಲ. ಇನ್ನು ಝಕಾತ್ ನಿಧಿಯಿಂದ ಅರ್ಹ ವಿದ್ಯಾರ್ಥಿಗಳ ಶುಲ್ಕ ಭರಿಸುವ ವಿಚಾರವನ್ನು ಉಲಮಾಗಳೇ ಮಿಂಬರಿನಿಂದ ಸ್ಪಷ್ಟಪಡಿಸಲಿ.

ಉಲಮಾಗಳ ಹೆಸರೆತ್ತಿದ ಮೇಲೆ ನಮ್ಮನ್ನು ನಾವೇ ಬಿಟ್ಟುಕೊಳ್ಳುವಂತಿಲ್ಲ. ಮದ್ರಸದ ಚಾಪೆಯಿಂದೆದ್ದು ಬಿ.ಎ. ತರಗತಿಯ ಬೆಂಚಿನಲ್ಲಿ ಕುಳಿತವರು ನಾವು. ಅರಬಿಕ್ ಬಲ್ಲವನಿಗೆ ಅನುವಾದ, ಅಧ್ಯಾಪನ, ಸಂಶೋಧನೆಯ ದಾರಿಗಳಿವೆಯೆಂದು ಆ ಮೂರು ವರ್ಷಗಳಲ್ಲಿ ಉಸ್ತಾದರೂ ಹೇಳಲಿಲ್ಲ, ಪ್ರಾಧ್ಯಾಪಕರೂ ಹೇಳಲಿಲ್ಲ. ಒಂದು ಸ್ನಾತಕೋತ್ತರ ಪ್ರವೇಶ ಪರೀಕ್ಷೆಯ ಸುದ್ದಿ ನಮಗೆ ತಲುಪಿದ್ದು ಅರ್ಜಿಯ ಕೊನೆಯ ದಿನ ಕಳೆದು ಎರಡು ವಾರಗಳ ಬಳಿಕ. ಆ ಎರಡು ವಾರಗಳ ಬೆಲೆ ಎಷ್ಟೆಂಬುದು ತಿಳಿಯಲು ನಮಗೆ ಹತ್ತು ವರ್ಷ ಬೇಕಾಯಿತು.

ಎಸೆಸೆಲ್ಸಿ, ಪಿಯುಸಿ ಫಲಿತಾಂಶ ಬಂದೊಡನೆ ನಮ್ಮ ಜಮಾಅತ್‌ಗಳಲ್ಲಿ ಸನ್ಮಾನದ ಹಬ್ಬ. ಶಾಲು, ಸ್ಮರಣಿಕೆ, ಫೋಟೋ, ಮೂರು ಗಂಟೆಗಳ ಭಾಷಣ, ಕೊನೆಗೆ ಬಿರಿಯಾನಿ. ಎರಡು ಗಂಟೆಯ 'ವೃತ್ತಿ ಮಾರ್ಗದರ್ಶನ'ವೂ ಅದರಲ್ಲೇ ಮುಗಿಯುತ್ತದೆ. ಅದೇ ಮಕ್ಕಳು ಕಾಲೇಜಿನ ಎರಡನೇ ವರ್ಷಕ್ಕೆ ಬಂದು ನಿಜವಾಗಿ ದಾರಿ ಕಾಣದೆ ನಿಂತಾಗ ಕಮಿಟಿಯವರಿಗೆ ಅವರ ಮುಖದ ಗುರುತೂ ಇರುವುದಿಲ್ಲ. ಮಸೀದಿಯ ಕಟ್ಟಡದಲ್ಲಿ ಖಾಲಿ ಬಿದ್ದಿರುವ ಒಂದು ಕೋಣೆ, ವಾರದ ಎರಡು ಸಂಜೆ, ಊರಿನ ಒಬ್ಬ ಶಿಕ್ಷಕ, ಒಬ್ಬ ಬ್ಯಾಂಕ್ ನೌಕರ, ಒಬ್ಬ ವಕೀಲ, ಗೋಡೆಗೆ ಅಂಟಿಸಿದ ಅರ್ಜಿ ದಿನಾಂಕಗಳ ಪಟ್ಟಿ. ಇದಕ್ಕೆ ಬಿರಿಯಾನಿಯ ಒಂದು ಹಂಡೆಯಷ್ಟೂ ಖರ್ಚಾಗದು.

ಈ ವರ್ಷದ ಸನ್ಮಾನದ ಆಮಂತ್ರಣ ಪತ್ರ ಮುದ್ರಣಕ್ಕೆ ಹೋಗುವ ಮುನ್ನ ಪ್ರತಿ ಜಮಾಅತ್‌ನ ಕಾರ್ಯದರ್ಶಿ ಕಳೆದ ಐದು ವರ್ಷಗಳಲ್ಲಿ ತಾವು ಶಾಲು ಹೊದೆಸಿದವರ ಹೆಸರುಗಳನ್ನು ತೆಗೆದು, ಒಬ್ಬೊಬ್ಬರೂ ಈಗ ಎಲ್ಲಿದ್ದಾರೆಂದು ಫೋನ್ ಮಾಡಿ ವಿಚಾರಿಸಲಿ. ಆ ಪಟ್ಟಿಯನ್ನು ಜುಮಾ ನಮಾಝಿನ ಬಳಿಕ ಮಸೀದಿಯಲ್ಲಿ ಓದಿ ಹೇಳುವ ಧೈರ್ಯ ಎಷ್ಟು ಕಮಿಟಿಗಳಿಗಿದೆ?