ಅಳಿವೆಯ ಚಿಪ್ಪಿಗೆ ಸರಿಯಾದ ಹೆಸರು ಬೇಕು

ಹುಬ್ಬಳ್ಳಿ-ಧಾರವಾಡದ ಸೆರಗಿನಲ್ಲಿ, ಸೋಮೇಶ್ವರ ಗುಡಿಯ ಬಳಿ ಹುಟ್ಟುವ ಶಾಲ್ಮಲಾ ಹೊಳೆ ಕಲಘಟಗಿಯ ಕಡೆ ಹರಿದು ಬೇಡ್ತಿಯನ್ನು ಸೇರುತ್ತದೆ. ಬೇಡ್ತಿ ಮಾಗೋಡಿನಲ್ಲಿ ಧುಮುಕಿ, ಗಂಗಾವಳಿ ಎಂಬ ಹೆಸರಿನಲ್ಲಿ ಅಂಕೋಲೆ-ಗೋಕರ್ಣಗಳ ನಡುವೆ ಕಡಲಿಗೆ ಸಂದುಹೋಗುತ್ತದೆ. ಒಂದೇ ನೀರಿಗೆ ಮೂರು ಹೆಸರಿದ್ದರೂ ಯಾರಿಗೂ ಗೊಂದಲವಿಲ್ಲ. ಆದರೆ ಸಿಹಿನೀರೂ ಉಪ್ಪುನೀರೂ ಬೆರೆಯುವ ಅಳಿವೆಯಲ್ಲಿ ಬದುಕುವ ಬಳಚು, ಕಲ್ವ ಮೊದಲಾದ ಮೃದ್ವಂಗಿಗಳ ಹೆಸರಿನ ಗೊಂದಲ ಅಷ್ಟು ನಿರುಪದ್ರವಿಯಲ್ಲ. ನದಿಯ ನೀರಿನ ಬಗ್ಗೆ ನಿರ್ಧಾರ ಕೈಗೊಳ್ಳುವ ಮೊದಲು ಈ ಗೊಂದಲ ಪರಿಹಾರವಾಗಬೇಕು.

1758ರಲ್ಲಿ ಲಿನ್ನೇಯಸ್ ಹಾಕಿಕೊಟ್ಟ ದಾರಿಯಲ್ಲಿ ಸುಮಾರು ಎರಡೂವರೆ ಶತಮಾನ ಚಿಪ್ಪಿನ ಆಕಾರವೇ ವರ್ಗೀಕರಣಕ್ಕೆ ಆಧಾರವಾಗಿತ್ತು. ಚಿಪ್ಪಿನ ಕೀಲಿನ ಹಲ್ಲು, ಒಳಮೈಯಲ್ಲಿ ಉಳಿದ ಸ್ನಾಯುವಿನ ಗುರುತು, ಹೊರಮೈಯ ಗೆರೆಗಳು ಇಂದಿಗೂ ಬಹಳಷ್ಟು ಹೇಳುತ್ತವೆ. ಆದರೆ ಅಳಿವೆಯ ನೀರು ಮಳೆಗಾಲದಲ್ಲಿ ಒಂದು ಬಗೆ, ಬೇಸಿಗೆಯಲ್ಲಿ ಇನ್ನೊಂದು ಬಗೆ. ಕಲ್ವವಂತೂ ತಾನು ಅಂಟಿಕೊಂಡ ಕಲ್ಲಿನ ಆಕಾರವನ್ನೇ ತಾಳುತ್ತದೆ. ಇಕ್ಕಟ್ಟಿನಲ್ಲಿ ಬೆಳೆದರೆ ಉದ್ದಕ್ಕೆ ಚಾಚಿಕೊಳ್ಳುತ್ತದೆ. ಹೀಗಾಗಿ ಒಂದೇ ಜೀವಿಗೆ ಹಲವು ಹೆಸರುಗಳು ಬಿದ್ದವು. 1916ರಲ್ಲಿ 'ಕ್ರಾಸೋಸ್ಟ್ರಿಯಾ ಮದ್ರಾಸೆನ್ಸಿಸ್' ಎಂದು ಗುರುತು ಪಡೆಯುವ ಕಲ್ವವನ್ನು ಪ್ರತ್ಯೇಕ ಪ್ರಭೇದವೆಂದು ಬಣ್ಣಿಸಲಾಯಿತು. ಅದು 1798ರಲ್ಲೇ ಹೆಸರು ಪಡೆದಿದ್ದ 'ಬೈಲಿನಿಯೇಟಾ' ಎಂದು ಈಗ ಪರಿಗಣಿಸಲಾಗುತ್ತಿದೆ. 2017ರಲ್ಲಿ ವಂಶವಾಹಿಯ ಆಧಾರದ ಮೇಲೆ ಅದರ ಕುಲವೂ 'ಮಗಲ್ಲಾನಾ' ಎಂದು ಬದಲಾಯಿತು. ವಿದ್ಯಾರ್ಥಿಯ ಕೈಗೆ ಸಿಗುವ ಪುಸ್ತಕಗಳಲ್ಲಿ ಹಳೆಯ, ಹೊಸ ಹೆಸರುಗಳೆರಡೂ ಇವೆ.

ಹಾಗೆಂದು ವಂಶವಾಹಿಯೊಂದೇ ಸಾಕೆನ್ನುವುದೂ ಸರಿಯಲ್ಲ. ಕೆನಡಾದ ಪಾಲ್ ಹೆಬರ್ಟ್ ಮತ್ತು ಸಂಗಡಿಗರು 2003ರಲ್ಲಿ ಮುಂದಿಟ್ಟ ವಿಧಾನವು ಡಿ.ಎನ್.ಎ.ಯ ಸುಮಾರು 650 ಅಕ್ಷರಗಳ ಒಂದು ತುಣುಕನ್ನು ಓದಿ ಪ್ರಭೇದವನ್ನು ಗುರುತಿಸುತ್ತದೆ. ಈ ತುಣುಕು ಸಾಮಾನ್ಯವಾಗಿ ತಾಯಿಯಿಂದ ಮಾತ್ರ ಬರುವಂಥದು. ಆದರೆ ಕೆಲವು ಇಬ್ಬದಿ ಚಿಪ್ಪಿನ ಜೀವಿಗಳಲ್ಲಿ ತಂದೆಯಿಂದ ಗಂಡುಮರಿಗೂ ಬೇರೊಂದು ಬಗೆಯದು ಸಾಗುತ್ತದೆ. ಇದನ್ನರಿಯದೆ ಹೋಲಿಸಿದರೆ ಒಂದೇ ಪ್ರಭೇದದ ಗಂಡು-ಹೆಣ್ಣುಗಳು ಎರಡು ಪ್ರಭೇದಗಳಂತೆ ತೋರಿಯಾವು. ತಪ್ಪು ಹೆಸರಿನಡಿ ದಾಖಲಾದ ಡಿ.ಎನ್.ಎ. ಮುಂದಿನ ಸಂಶೋಧಕನ ದಾರಿಯನ್ನೂ ತಪ್ಪಿಸುತ್ತದೆ. ಆದ್ದರಿಂದ ಚಿಪ್ಪು ಮತ್ತು ವಂಶವಾಹಿ ಒಂದಕ್ಕೊಂದು ಸಾಕ್ಷಿಯಾಗಬೇಕು.

ಇದು ಪಂಡಿತರ ಜಗಳವಷ್ಟೇ ಅಲ್ಲ ಎಂಬುದಕ್ಕೆ ಕೇರಳದ ಅಷ್ಟಮುಡಿ ಕಾಯಲು ನಿದರ್ಶನ. ಅಲ್ಲಿನ ಬಳಚು ಮೀನುಗಾರಿಕೆ 2014ರಲ್ಲಿ ಸುಸ್ಥಿರ ಮೀನುಗಾರಿಕೆಯ ಅಂತರರಾಷ್ಟ್ರೀಯ ಪ್ರಮಾಣಪತ್ರ ಪಡೆದಿತ್ತು. ಕೆಲವೇ ವರ್ಷಗಳಲ್ಲಿ ಅಮೆರಿಕ ಖಂಡಗಳ ಮೂಲದ 'ಮೈಟೆಲ್ಲಾ' ಎಂಬ ಚಿಪ್ಪುಜೀವಿ ಅಲ್ಲಿ ದಟ್ಟವಾಗಿ ಹಬ್ಬಿತು. ಅದರ ಚಿಪ್ಪಿನ ಬಣ್ಣ ಒಂದೊಂದರಲ್ಲಿ ಒಂದೊಂದು ಬಗೆ; ಎಳೆಯವು ಸ್ಥಳೀಯ ಹಸಿರು ಚಿಪ್ಪುಜೀವಿಯನ್ನು ಹೋಲುತ್ತವೆ. ಅದರ ಗುರುತು ಖಚಿತವಾಗಲು ಡಿ.ಎನ್.ಎ. ಪರೀಕ್ಷೆ ನೆರವಾಯಿತು. ನೀರಿಗಿಳಿದು ದುಡಿಯುವವರ ಅನ್ನ ಇಂಥ ಗುರುತನ್ನು ಅವಲಂಬಿಸಿದೆ.

ಉತ್ತರ ಕನ್ನಡದಲ್ಲಿಯೂ ಅಳಿವೆಯ ಚಿಪ್ಪುಜೀವಿಗಳಿಂದ ಬದುಕುವ ಕುಟುಂಬಗಳು ಅನೇಕ. ಅಘನಾಶಿನಿಯ ಅಳಿವೆ 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದೆ. ಇತ್ತ ಬೇಡ್ತಿ-ವರದಾ ಜೋಡಣೆಯ ಪ್ರಸ್ತಾಪ ಮತ್ತೆ ಮತ್ತೆ ತಲೆಯೆತ್ತುತ್ತಿದೆ. ಮೇಲಿನಿಂದ ಬರುವ ಸಿಹಿನೀರು ತಗ್ಗಿದರೆ ಅಳಿವೆಯ ಉಪ್ಪು ಏರುತ್ತದೆ. ಉಪ್ಪು ಕಡಿಮೆಯಿರುವ ನೀರನ್ನು ಬಯಸುವ ಕಪ್ಪು ಬಳಚಿನಂಥವು ಹಿಮ್ಮೆಟ್ಟಬಹುದು. ಯಾವ ಅಳಿವೆಯಲ್ಲಿ ಯಾವ ಪ್ರಭೇದವಿದೆ ಎಂಬುದೇ ಖಚಿತವಾಗಿರದಿದ್ದರೆ, ಕಳೆದುಕೊಂಡದ್ದು ಏನೆಂದು ಮುಂದೆ ಲೆಕ್ಕ ಹೇಳುವವರಾರು? ಹಳೆಯ ಪುಸ್ತಕದಿಂದ ನಕಲು ಮಾಡಿದ ಪಟ್ಟಿ ಪರಿಸರ ಪರಿಣಾಮದ ಅಧ್ಯಯನ ಎನಿಸಿಕೊಳ್ಳದು.

ಆಗಬೇಕಾದ ಕೆಲಸ ಸ್ಪಷ್ಟವಾಗಿದೆ. ಕರ್ನಾಟಕ ವಿಶ್ವವಿದ್ಯಾಲಯದ ಕಡಲಜೀವಶಾಸ್ತ್ರ ವಿಭಾಗ ಕಾಳಿ ಅಳಿವೆಯ ಮಗ್ಗುಲಲ್ಲೇ, ಕಾರವಾರದ ಕೋಡಿಬಾಗದಲ್ಲಿದೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಅಳಿವೆಗಳ ಚಿಪ್ಪುಜೀವಿಗಳನ್ನು ಎರಡೂ ವಿಧಾನಗಳಿಂದ ಗುರುತಿಸುವ ಸಮಗ್ರ ಕಾರ್ಯಕ್ಕೆ ಸರ್ಕಾರ ಹಣ ಒದಗಿಸಬೇಕು. ಡಿ.ಎನ್.ಎ. ತೆಗೆದ ಪ್ರತಿ ಜೀವಿಯ ಚಿಪ್ಪನ್ನೂ ಸ್ಥಳ, ದಿನಾಂಕಗಳೊಂದಿಗೆ ಕಾದಿಡಬೇಕು. ಬಳಚು ಹೆಕ್ಕುವ ಹೆಂಗಸರು ಬಳಸುವ ಹೆಸರುಗಳನ್ನೂ ದಾಖಲಿಸಿ, ಫಲಿತಾಂಶವನ್ನು ಕನ್ನಡದಲ್ಲಿ ಪ್ರಕಟಿಸಬೇಕು. ಮಲೆನಾಡಿನ ಶಾಲೆ-ಕಾಲೇಜುಗಳ ವಿದ್ಯಾರ್ಥಿಗಳು ದಡದಲ್ಲಿ ಬಿದ್ದ ಖಾಲಿ ಚಿಪ್ಪುಗಳನ್ನು ಇದೇ ಶಿಸ್ತಿನಿಂದ ಸಂಗ್ರಹಿಸಿ ಈ ಕಾರ್ಯಕ್ಕೆ ನೆರವಾಗಬಹುದು. ಈ ದಾಖಲೆ ಸಿದ್ಧವಾಗುವವರೆಗೆ ಬೇಡ್ತಿಯ ನೀರನ್ನು ತಿರುಗಿಸುವ ಯಾವ ಯೋಜನೆಗೂ ಒಪ್ಪಿಗೆ ನೀಡಬಾರದು.