ದೀಕ್ಷಾಭೂಮಿಯ ಅಂಗಳ ಖಾಲಿ ಜಾಗ ಅಲ್ಲ



ನಾಗಪುರದ ದೀಕ್ಷಾಭೂಮಿ ಮಾತು ಬಂದಾಗಲೆಲ್ಲ ಒಬ್ಬರಲ್ಲ ಒಬ್ಬರು ಕೇಳ್ತಾರೆ: "ಪಾರ್ಕಿಂಗ್ ಕಟ್ಟಿದ್ರೆ ತಪ್ಪೇನು? ನಿಮಗೆ ಅಭಿವೃದ್ಧಿ ಬೇಡ್ವಾ?" ಬೇಕು. ಧಮ್ಮಚಕ್ರ ಪ್ರವರ್ತನ ದಿನಕ್ಕೆ ಲಕ್ಷಾಂತರ ಜನ ಸೇರ್ತಾರೆ, ಕರ್ನಾಟಕದಿಂದಲೂ ಬಸ್ಸು ತುಂಬಿ ಹೋಗ್ತಾರೆ. ಶೌಚಾಲಯ, ಕುಡಿಯುವ ನೀರು, ನೆರಳು ಎಲ್ಲ ಬೇಕು. ಅದನ್ನು ಹೇಗೆ ಮಾಡ್ತೀರಿ ಅನ್ನೋದೇ ಪ್ರಶ್ನೆ.

ಶಿಯೋ ದಾನ್ ಮಲ್ ವಿನ್ಯಾಸ ಮಾಡಿದ ಈ ಸ್ತೂಪವನ್ನು 2001ರಲ್ಲಿ ರಾಷ್ಟ್ರಪತಿ ಕೆ.ಆರ್. ನಾರಾಯಣನ್ ಉದ್ಘಾಟಿಸಿದರು. ಆಕಾರ ಸಾಂಚಿಯದು. ಆದರೆ ಸಾಂಚಿಯ ಸ್ತೂಪ ಗಟ್ಟಿ, ಒಳಗೆ ಹೋಗೋಕಾಗಲ್ಲ. ಇದು ಟೊಳ್ಳು. ಯಾರು ಬೇಕಾದರೂ ಒಳಗೆ ಹೋಗಿ ಬಾಬಾಸಾಹೇಬರ ಅಸ್ಥಿಗೆ ನಮಿಸಬಹುದು. ಗುಡಿ ಬಾಗಿಲಿನ ಹೊರಗೇ ನಿಂತ ಜನಕ್ಕೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ.

ಸುತ್ತಲಿನ ಅಂಗಳವೂ ಆ ಕಟ್ಟಡದ ಭಾಗವೇ. 1956ರ ಅಕ್ಟೋಬರ್ 14ರಂದು ಜನ ದೀಕ್ಷೆ ಪಡೆದದ್ದು ಗುಮ್ಮಟದ ಕೆಳಗಲ್ಲ, ಬಯಲಲ್ಲಿ. ನಕ್ಷೆಯಲ್ಲಿ ಅದು ಖಾಲಿ ಜಾಗ. ನಮಗೆ ಅದೇ ಮೊದಲ ಸ್ಮಾರಕ, ಸ್ತೂಪ ಆಮೇಲೆ ಬಂದದ್ದು.

2024ರಲ್ಲಿ ನೆಲದಡಿ ಪಾರ್ಕಿಂಗಿಗಾಗಿ ಅಲ್ಲೇ ಅಗೆದರು. ಸ್ತೂಪಕ್ಕೆ ಧಕ್ಕೆಯಾದೀತು ಅಂತ ಜನ ಹೆದರಿದರು. ಜುಲೈ 1ರಂದು ಸಾವಿರಾರು ಮಂದಿ ನುಗ್ಗಿದರು, ಕಾಮಗಾರಿ ಸಾಮಗ್ರಿಗೆ ಬೆಂಕಿ ಬಿತ್ತು. ಅವತ್ತೇ ಸರ್ಕಾರ ಕೆಲಸ ನಿಲ್ಲಿಸೋದಾಗಿ ಹೇಳಿತು. ಬೆಂಕಿಯನ್ನು ನಾನು ಸಮರ್ಥಿಸಲ್ಲ. ಆದರೆ ಬೆಂಕಿ ಬೀಳೋವರೆಗೂ ಜನರ ಮಾತು ಯಾಕೆ ಕಿವಿಗೆ ಬೀಳಲಿಲ್ಲ?

2020ರ ಕೊನೆಯಲ್ಲಿ ಅಹಮದಾಬಾದ್ ಐಐಎಂನವರು ಲೂಯಿ ಕಾನ್ ವಿನ್ಯಾಸದ ಹಾಸ್ಟೆಲ್‌ಗಳನ್ನು ಕೆಡವಲು ಹೊರಟಿದ್ದರು. ದೇಶವಿದೇಶದ ವಾಸ್ತುಶಿಲ್ಪಿಗಳು ವಿರೋಧಿಸಿದ ಮೇಲೆ, ಕೆಲವೇ ದಿನಗಳಲ್ಲಿ ಆ ನಿರ್ಧಾರ ಹಿಂದಕ್ಕೆ ಪಡೆದರು. ಒಳ್ಳೇದಾಯ್ತು, ಆ ಇಟ್ಟಿಗೆ ಗೋಡೆಗಳೂ ಉಳಿಯಬೇಕು. ಆದರೆ ಅಲ್ಲಿ ಪತ್ರ, ಸಹಿ ಸಾಕಾಯ್ತು. ಇಲ್ಲಿ ಜನ ಗುಂಡಿಗೇ ಇಳಿಯಬೇಕಾಯ್ತು.

ಸರ್ಕಾರವೂ ಸ್ಮಾರಕ ಸಮಿತಿಯೂ ನಕ್ಷೆಯನ್ನು ಮೊದಲೇ ಜನರ ಮುಂದಿಟ್ಟು ಕೇಳಬೇಕಿತ್ತು. ಸಮಿತಿಯವರು ನಮ್ಮವರೇ ಅಂತ ಈ ಮಾತು ನುಂಗೋಕಾಗಲ್ಲ. ಮುಂದೆ ಏನೇ ಕಟ್ಟಿದರೂ ಮರಾಠಿಯಲ್ಲಿ, ಎಲ್ಲರಿಗೂ ಅರ್ಥ ಆಗೋ ಹಾಗೆ ನಕ್ಷೆ ತೂಗುಹಾಕಿ. ವಾಹನಗಳನ್ನು ಆವರಣದ ಹೊರಗೆ, ದೂರದಲ್ಲಿ ನಿಲ್ಲಿಸಿ, ಅಲ್ಲಿಂದ ಬಸ್ಸು ಬಿಡಿ. ರೈಲಿಳಿದು ಬುತ್ತಿಗಂಟು ಹೊತ್ತು ನಡೆದು ಬರೋ ಅವ್ವಂದಿರಿಗೆ ಬೇಕಿರೋದು ಕಾರು ನಿಲ್ಲಿಸೋ ಜಾಗ ಅಲ್ಲ, ಕೂರೋಕೆ ಆ ಅಂಗಳ.

ಮೊದಲು ಅದನ್ನು ಉಳಿಸಿ. ಆಮೇಲೆ ಎಲ್ಲರೂ ಸೇರಿ ಕಟ್ಟೋಣ.

ಜೈಭೀಮ್.